ಬ್ಯಾಚ್ ಗ್ರೂಪಿನಲ್ಲಿ ಜಿಎಂವಿ (ಒಟ್ಟು ವಹಿವಾಟಿನ ಮೊತ್ತ) ಜಗಳ (ದಾವಣಗೆರೆ)

ಮಂಜು: (ಫಾರ್ವರ್ಡ್ ಆದ ಚಿತ್ರ) "ಯಾವುದೇ ಸ್ಟಾರ್ಟಪ್ ಇರಲಿ, ಮೂರು ಅಂಕಿ ಸಾಕು: ವಹಿವಾಟು, ಗ್ರಾಹಕರ ಸಂಖ್ಯೆ, ಡೌನ್‌ಲೋಡ್." ಸೇವ್ ಮಾಡ್ಕೊಳ್ರಪ್ಪ, ಚೆನ್ನಾಗೈತೆ.

ವೀಣಾ: ಏನ್ ಚೆನ್ನಾಗೈತೋ? ದುಡ್ಡು ಉಳೀತಾ ಅಂತ ಮೂರರಲ್ಲಿ ಒಂದೂ ಹೇಳಲ್ಲ.

ಮಂಜು: ತಿಂಗಳಿಗೆ ಕೋಟಿ ವಹಿವಾಟು ಅಂದ್ರೆ ಸಣ್ಣದೇನು?

ನಾಗರಾಜ: ಲೇ, ಎಪಿಎಂಸಿಯಲ್ಲಿ ಕೋಟಿ ರೂಪಾಯಿ ಮೆಕ್ಕೆಜೋಳ ಕೈ ಬದಲಾದ್ರೆ ದಲಾಲಿ ಅಂಗಡಿಯವನಿಗೆ ಕೋಟಿ ಸಿಗುತ್ತಾ? ಲಾರಿ ಬುಕಿಂಗ್ ಆಪೂ ಹಂಗೇ. ಬಾಡಿಗೆ ಒಟ್ಟು ಕೋಟಿ, ಅದು ಜಿಎಂವಿ. ಕಮಿಷನ್ 4% ಅಂದ್ರೆ ಆದಾಯ 4 ಲಕ್ಷ. ಸಂಬಳ, ಸರ್ವರ್ ಎಲ್ಲಾ ಅದರೊಳಗೇ. ಅಲ್ಲಿ ನೋಡಬೇಕಾದ್ದು 100 ಲೋಡ್ ಹಾಕಿದ್ರೆ ಎಷ್ಟಕ್ಕೆ ಲಾರಿ ಸಿಕ್ತು ಅಂತ. ಆಮೇಲೆ, ಒಂದ್ಸಲ ಜೋಡಿಯಾದ ವ್ಯಾಪಾರಿ-ಡ್ರೈವರ್ ಎರಡನೇ ಟ್ರಿಪ್ಪೂ ಆಪಲ್ಲೇ ಮಾಡಿದ್ರಾ, ಇಲ್ಲಾ ನಂಬರ್ ಇಸ್ಕೊಂಡು ಹೊರಗೇ ಮುಗಿಸಿದ್ರಾ? ಈ ಥರದ ಆಪ್ ಸೊರಗೋದು ಅಲ್ಲೇ.

ಪ್ರಕಾಶ: ಬಿಲ್ಲಿಂಗ್ ಸಾಫ್ಟ್‌ವೇರಿಗೆ ಆ ತಲೆನೋವಿಲ್ಲ. ತಿಂಗಳಿಗೆ 500, ಚರ್ನ್ (ಬಿಟ್ಟು ಹೋಗೋ ಗ್ರಾಹಕರು) 5% ಅಷ್ಟೆ.

ವೀಣಾ: 5% "ಅಷ್ಟೆ" ಅಲ್ಲ ಕಣೋ. ಪ್ರತಿ ತಿಂಗಳೂ ಅಷ್ಟು ಹೋದ್ರೆ ವರ್ಷದ ಕೊನೆಗೆ 100ರಲ್ಲಿ 54 ಜನ. 100 ÷ 5, ಸರಾಸರಿ 20 ತಿಂಗಳು ಇರ್ತಾರೆ. 500ರಲ್ಲಿ ಸರ್ವರ್, ಸಪೋರ್ಟ್ ಅಂತ 100 ಕಳಿ. 400 × 20 = 8,000, ಅದು ಎಲ್‌ಟಿವಿ, ಅಂದ್ರೆ ಒಬ್ಬ ಗ್ರಾಹಕ ಇರೋವರೆಗೂ ಅವನಿಂದ ಒಟ್ಟು ಉಳಿಯೋದು. ಒಬ್ಬರನ್ನ ತರೋಕೆ 3,000 ಆದ್ರೆ ಅದು ವಾಪಸ್ ಬರೋಕೇ ಏಳೂವರೆ ತಿಂಗಳು. ಆ 3,000ಕ್ಕೆ ಬರೀ ಜಾಹೀರಾತು ಹಿಡೀಬೇಡ. ಅಂಗಡಿ ಅಂಗಡಿ ತಿರುಗೋ ಹುಡುಗನ ಸಂಬಳ, ಪೆಟ್ರೋಲೂ ಸೇರಬೇಕು.

ನಾಗರಾಜ: ಮಂಡಿ ಸಾಫ್ಟ್‌ವೇರಿಗೆ ಈ ಲೆಕ್ಕ ಕೈಕೊಡುತ್ತೆ ವೀಣಾ. ಜೋಳದ ಸೀಸನ್ ಮುಗೀತಿದ್ದಂಗೆ ದುಡ್ಡು ಕಟ್ಟೋದು ನಿಲ್ಲಿಸ್ತಾರೆ, ಅಕ್ಟೋಬರ್‌ಗೆ ಮತ್ತೆ ಬರ್ತಾರೆ. ತಿಂಗಳ ಚರ್ನ್ ಸುಮ್ನೆ ಹೆದರಿಸುತ್ತೆ. ಹೋದ ಸೀಸನ್ನಿನವರಲ್ಲಿ ಈ ಸೀಸನ್ ಎಷ್ಟು ಜನ ಬಂದ್ರು, ಅದು ನೋಡು.

ವೀಣಾ: ಒಪ್ಪಿದೆ. ಆದ್ರೆ ವರ್ಷದ ಪ್ಲಾನ್ ಮಾರಿದ್ರೆ ಮಾತ್ರ.

ಮಂಜು: ಆನ್‌ಲೈನಲ್ಲಿ ಶೇಂಗಾ ಚಟ್ನಿಪುಡಿ ಮಾರೋರಿಗೆ? ಅಲ್ಲಿ ಆರ್ಡರ್ ಸಂಖ್ಯೆನೇ ಅಲ್ವಾ?

ವೀಣಾ: ಅಲ್ಲೇ ಮೋಸ. 400 ರೂಪಾಯಿ ಆರ್ಡರ್ ಹಿಡಿ. ಸರಕು 150, ಕೊರಿಯರ್ 70, ಪ್ಯಾಕಿಂಗ್ 15, ಪೇಮೆಂಟ್ ಶುಲ್ಕ 10. ಉಳಿದದ್ದು 155. ಜಾಹೀರಾತು ಆರ್ಡರಿಗೆ 100. ಕಾಗದದ ಮೇಲೆ 100 ಆರ್ಡರಿಗೆ 5,500 ಲಾಭ. ಈಗ ಕ್ಯಾಶ್ ಆನ್ ಡೆಲಿವರಿಯಲ್ಲಿ 20 ವಾಪಸ್ ಬಂತು ಅಂದ್ಕೋ. 80 × 155 = 12,400. ವಾಪಸ್ ಬಂದ ಒಂದೊಂದಕ್ಕೂ ಹೋಗೋ ಕೊರಿಯರ್ 70, ಬರೋದು 60, ಪ್ಯಾಕಿಂಗ್ 15, ಒಟ್ಟು 2,900 ಹೋಯ್ತು. ಜಾಹೀರಾತು 10,000 ಕಳಿ. 500 ನಷ್ಟ!

ನಾಗರಾಜ: ಪ್ಯಾಕೆಟ್ ಸೀಲ್ ಒಡೆದು ಬಂದಿದ್ರೆ ಅದಕ್ಕೊಂದು 150 ಸೇರಿಸು. ಪುಡಿ ಮತ್ತೆ ಮಾರೋಕಾಗಲ್ಲ.

ಮಂಜು: ಆದ್ರೂ ಹೂಡಿಕೆದಾರರು ಮೊದಲು ಕೇಳೋದು ವಹಿವಾಟೇ.

ವೀಣಾ: ಎರಡನೇ ಮೀಟಿಂಗಿಗೆ ಕೋಹಾರ್ಟ್ ಶೀಟ್ ಕೇಳ್ತಾರೆ. ಅಡ್ಡ ಸಾಲಿಗೊಂದರಂತೆ ಸೇರಿದ ತಿಂಗಳು, ಉದ್ದ ಸಾಲಲ್ಲಿ 1ನೇ, 2ನೇ, 3ನೇ ತಿಂಗಳು ಮತ್ತೆ ಕೊಂಡವರು ಎಷ್ಟು ಅಂತ. ಎಕ್ಸೆಲ್ ಸಾಕು. ಹಬ್ಬದ ಆಫರಿಗೆ ಬಂದವರ ಸಾಲು ಬೇರೆ ಇಡು, ಅವರನ್ನ ಸೇರಿಸಿದ್ರೆ ಉಳಿದ ಸಾಲೂ ಕೆಡುತ್ತೆ.