ಅಲಾಸ್ಕಾ ಕ್ರೂಸ್‌ನಲ್ಲಿ ನೆಟ್ ಸಿಗತ್ತಾ? ರಾತ್ರಿ ಎಂಟೂವರೆಗೆ ಆಫೀಸ್ ಕಾಲ್ ಇದೆ

ಕೊಪ್ಪದ_ಹುಡುಗಿ:

ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಅಲಾಸ್ಕಾ ಕ್ರೂಸ್‌ಗೆ ಹೊರಟಿದ್ದೇನೆ. ಅಣ್ಣ ಸಿಯಾಟಲ್‌ನಲ್ಲಿದ್ದಾನೆ, ಟಿಕೆಟ್ ಎಲ್ಲ ಅವನೇ ಮಾಡಿಸಿದ್ದು. ಶನಿವಾರ ಸಿಯಾಟಲ್ ಬಿಟ್ಟರೆ ಭಾನುವಾರ ಪೂರ್ತಿ ಸಮುದ್ರ. ಸೋಮವಾರ ಜೂನೋ, ಮಂಗಳವಾರ ಸ್ಕ್ಯಾಗ್ವೇ, ಬುಧವಾರ ಗ್ಲೇಸಿಯರ್ ಬೇ (ಹಿಮನದಿಗಳ ಕೊಲ್ಲಿ), ಗುರುವಾರ ಕೆಚಿಕನ್, ಶುಕ್ರವಾರ ಸಂಜೆ ಕೆನಡಾದ ವಿಕ್ಟೋರಿಯಾ. ಮತ್ತೆ ಶನಿವಾರ ಸಿಯಾಟಲ್.

ನನ್ನ ತಲೆನೋವು ಬೇರೆ. ಆ ವಾರ ಮೂರು ದಿನ ಮಾತ್ರ ರಜೆ ಸಿಕ್ಕಿದೆ. ಉಳಿದ ಎರಡು ದಿನ ಸ್ಟ್ಯಾಂಡಪ್ ಕಾಲ್‌ಗೆ (ಟೀಮ್‌ನ ದಿನದ ಮೀಟಿಂಗ್) ಬರಲೇಬೇಕು, ಯಾವ ಎರಡು ದಿನ ಅಂತ ನೀನೇ ಹೇಳು ಅಂದಿದ್ದಾರೆ ಮ್ಯಾನೇಜರ್. ಕಾಲ್ ಇರುವುದು ನಮ್ಮ ಬೆಳಿಗ್ಗೆ 10ಕ್ಕೆ. ಅಲಾಸ್ಕಾದಲ್ಲಿ ಆಗ ಹಿಂದಿನ ದಿನ ರಾತ್ರಿ 8.30. ಅರ್ಧ ಗಂಟೆ ಕಾಲ್, ಸ್ಕ್ರೀನ್ ಶೇರ್ ಬೇರೆ, ಆಫೀಸ್ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಇಲ್ಲದೆ ಲಾಗಿನ್ ಆಗಲ್ಲ. ಹಡಗಿನ ವೆಬ್‌ಸೈಟ್‌ನಲ್ಲಿ ಎರಡು ಪ್ಯಾಕೇಜ್ ಇದೆ. ಒಂದು ಬರೀ ಚಾಟ್‌ಗೆ, ಇನ್ನೊಂದು ವಿಡಿಯೋಗೆ. ಸ್ಪೀಡ್ ಎಷ್ಟು ಅಂತ ಎಲ್ಲೂ ಬರೆದಿಲ್ಲ. ಜೊತೆಗೆ ಅಮ್ಮ ದಿನಾ ಒಂದು ಸಲ ಅಜ್ಜಿಗೆ ವಾಟ್ಸಾಪ್ ಕಾಲ್ ಮಾಡದಿದ್ದರೆ ಮನೆಯಲ್ಲಿ ರಂಪ ಆಗುತ್ತೆ.

ಹೋಗಿ ಬಂದವರು ಯಾರಾದರೂ ಇದ್ದರೆ ನಿಜ ಹೇಳಿ. ನೆಚ್ಚಿಕೊಳ್ಳಬಹುದಾ?

ರಾಜಾಜಿನಗರ_ರವಿ:

ಟೆನ್ಶನ್ ಬೇಡ. ಈಗೆಲ್ಲ ಸ್ಟಾರ್‌ಲಿಂಕ್, ಉಪಗ್ರಹದಿಂದ ಬರುವ ನೆಟ್. ಹೋದ ವರ್ಷ ಕೆರಿಬಿಯನ್‌ನಲ್ಲಿ ನಡು ಸಮುದ್ರದಲ್ಲಿ ಕೂತು ಪೂರ್ತಿ ಐಪಿಎಲ್ ಮ್ಯಾಚ್ ನೋಡಿದ್ದೀನಿ. ಎಲ್ಲೋ ಒಂದೆರಡು ಸಲ ಸುತ್ತಿತು, ಅಷ್ಟೇ. ದೊಡ್ಡ ಪ್ಯಾಕೇಜ್ ತಗೊಳ್ಳಿ.

ಗಂಗೊಳ್ಳಿ_ಕಡಲು:

ಮೇಡಂ, ರವಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಅವರು ನೋಡಿದ್ದು ಮ್ಯಾಚು. ಮ್ಯಾಚ್ ಎರಡು ನಿಮಿಷ ನಿಂತರೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ.

ನಾನು ಗಂಗೊಳ್ಳಿಯವನು. 2009ರಿಂದ 2023ರವರೆಗೆ ಕ್ರೂಸ್ ಹಡಗಿನಲ್ಲೇ ಕೆಲಸ. ಕೊರೋನಾ ಟೈಮಲ್ಲಿ ಮನೆಯಲ್ಲಿದ್ದೆ, ಅದು ಬಿಟ್ಟರೆ ಒಂದು ಕಾಂಟ್ರಾಕ್ಟ್ ಮುಗಿಸಿ ಬರುವುದು, ಎರಡು ತಿಂಗಳು ಊರು, ಮತ್ತೆ ಸೈನ್ ಆನ್. ಮೊದಲು ಕ್ಯಾಬಿನ್ ಕ್ಲೀನ್ ಮಾಡುತ್ತಿದ್ದೆ. ಕೊನೆಯ ಐದು ವರ್ಷ ಗೆಸ್ಟ್ ಸರ್ವಿಸ್ ಕೌಂಟರ್. ಅಂದರೆ ‘ವೈಫೈ ಬರ್ತಿಲ್ಲ’ ಅಂತ ಬಂದವರಿಂದ ಬೈಸಿಕೊಳ್ಳುವ ಕೆಲಸ ಅಂತ ತಿಳಿದುಕೊಳ್ಳಿ. ನಾಲ್ಕು ಬೇಸಿಗೆ ಅಲಾಸ್ಕಾದಲ್ಲೇ ಕಳೆದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಮೊದಲು ಹಳೇ ಕಥೆ. ಆಗ ಹಡಗಿನ ನೆಟ್ ಎಲ್ಲ 35,786 ಕಿ.ಮೀ. ಮೇಲಿರುವ ಉಪಗ್ರಹದಿಂದ. ನಮ್ಮ ಟಿವಿ ಡಿಶ್‌ಗೆ ಬರುವುದು ಅದೇ ಎತ್ತರದಿಂದಲೇ. ಮಾತು ಅಷ್ಟು ದೂರ ಹತ್ತಿ ಇಳಿದು, ಉತ್ತರ ಮತ್ತೆ ಹತ್ತಿ ಇಳಿಯಲು ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಮನೆಗೆ ಕಾಲ್ ಮಾಡಿದರೆ ನಾನು ‘ಹಲೋ’ ಅನ್ನುವಷ್ಟರಲ್ಲಿ ಹೆಂಡತಿಯೂ ‘ಹಲೋ’, ಇಬ್ಬರೂ ನಿಲ್ಲಿಸುವುದು, ಮತ್ತೆ ಇಬ್ಬರೂ ಒಟ್ಟಿಗೆ ಶುರು. ಕ್ರೂಗೆ ಕಾರ್ಡ್ ಕೊಡುತ್ತಿದ್ದರು, ನಿಮಿಷದ ಲೆಕ್ಕ. ಗೀಚಿದರೆ ಪಿನ್ ನಂಬರ್ ಬರುತ್ತಿತ್ತು. ಮುಗಿಸುವಾಗ ಲಾಗೌಟ್ ಪುಟಕ್ಕೆ ಹೋಗಿ ನಾವೇ ಹೊರಗೆ ಬರಬೇಕು, ಇಲ್ಲವಾದರೆ ಮೀಟರ್ ಓಡುತ್ತಲೇ ಇರುತ್ತದೆ. 2011ರಲ್ಲಿ ಒಂದು ರಾತ್ರಿ ಮಗಳ ನಾಮಕರಣದ ಫೋಟೋ ಇಳಿಸಲು ಹಾಕಿ, ಬಂಕ್‌ನಲ್ಲಿ ಹಾಗೇ ನಿದ್ದೆ ಹೋದೆ. ಬೆಳಿಗ್ಗೆ ನೋಡಿದರೆ ಹೊಸ ಕಾರ್ಡಿನ ಅಷ್ಟೂ ನಿಮಿಷ ಸೊನ್ನೆ. ಫೋಟೋ ಒಂಬತ್ತರಲ್ಲಿ ನಾಲ್ಕು ಬಂದಿತ್ತು. ನಾಲ್ಕರಲ್ಲೂ ಪುರೋಹಿತರೇ.

ಆಮೇಲೆ 2014ರ ಹೊತ್ತಿಗೆ ಒಯಾಸಿಸ್ ಆಫ್ ದ ಸೀಸ್‌ನಲ್ಲಿ ಓ3ಬಿ ಅನ್ನುವ ಉಪಗ್ರಹಗಳ ನೆಟ್ ಬಂತು. ಅವು ಸುಮಾರು 8,000 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಬೇರೆ ಹಡಗಿನಲ್ಲಿದ್ದ ನಾವು ಸುಮ್ನೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಕೆರಿಬಿಯನ್‌ಗೆ ಅದು ಸರಿ. ಅವು ಸುತ್ತುವುದು ಭೂಮಧ್ಯರೇಖೆಯ ಮೇಲೆ, ಅಲಾಸ್ಕಾದಷ್ಟು ಉತ್ತರಕ್ಕೆ ಹೋದರೆ ಪ್ರಯೋಜನ ಕಮ್ಮಿ.

ಇಲ್ಲೊಂದು ವಿಷಯ ಇದೆ. ಹಳೇ ದೊಡ್ಡ ಉಪಗ್ರಹಗಳೂ ಭೂಮಧ್ಯರೇಖೆಯ ಮೇಲೇ ಇರುವುದು. ಬೆಂಗಳೂರಿನಿಂದ ನೋಡಿದರೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಜೂನೋದಿಂದ ನೋಡಿದರೆ ದಿಗಂತದಿಂದ ಇಪ್ಪತ್ತು ಡಿಗ್ರಿ ಚಿಲ್ಲರೆ, ಅಷ್ಟೇ. ಹಡಗಿನ ಎರಡೂ ಕಡೆ ಗೋಡೆ ಹಾಗೆ ಗುಡ್ಡ. ಕಾಲುವೆಯಂಥ ಜಾಗದಲ್ಲಿ ಹಡಗು ತಿರುಗಿತು ಅಂದರೆ ಉಪಗ್ರಹ ಗುಡ್ಡದ ಹಿಂದೆ ಹೋಯಿತು, ನೆಟ್ ಸತ್ತಿತು. ಕೆಲವು ಸಲ ನಮ್ಮದೇ ಹಡಗಿನ ಚಿಮಣಿ ಅಡ್ಡ ಬರುತ್ತಿತ್ತು. ಮೇಲಿನ ಡೆಕ್‌ನಲ್ಲಿ ದೊಡ್ಡ ಬಿಳಿ ಚೆಂಡುಗಳು ಕಾಣುತ್ತವಲ್ಲ, ಅದರೊಳಗೆ ಇರುವುದು ಡಿಶ್. ಒಂದಕ್ಕೆ ಚಿಮಣಿ ಅಡ್ಡ ಬಂದರೆ ಇನ್ನೊಂದು ಹಿಡಿಯಲಿ ಅಂತ ಎರಡು ಮೂರು ಇಡುವುದು. ಇದನ್ನು ಕೌಂಟರ್‌ನಲ್ಲಿ ನಿಂತವರಿಗೆ ವಿವರಿಸಿದರೆ ‘ನಾನು ದುಡ್ಡು ಕೊಟ್ಟಿರೋದು ಚಿಮಣಿಗಾ?’ ಅಂತ ಕೇಳುತ್ತಿದ್ದರು. ಅವರದೂ ತಪ್ಪಲ್ಲ ಅನ್ನಿ.

ಸ್ಟಾರ್‌ಲಿಂಕ್ ಬಂದ ಮೇಲೆ ಇದು ನಿಜವಾಗಿ ಬದಲಾಯಿತು. ರಾಯಲ್ ಕೆರಿಬಿಯನ್ 2022ರಲ್ಲಿ ತನ್ನ ಎಲ್ಲ ಹಡಗುಗಳಿಗೂ ಹಾಕುತ್ತೇವೆ ಅಂತ ಹೇಳಿತು, ಕಾರ್ನಿವಲ್ ಗುಂಪಿನ ಹಡಗುಗಳಿಗೆಲ್ಲ 2024ರ ಹೊತ್ತಿಗೆ ಹಾಕಿ ಮುಗಿಯಿತು. ಆ ಉಪಗ್ರಹಗಳು ಇರುವುದು ಬರೀ ಐನೂರು ಕಿ.ಮೀ. ಆಸುಪಾಸಿನ ಎತ್ತರದಲ್ಲಿ, ಸಾವಿರಾರು ಇವೆ. ಒಂದು ಗುಡ್ಡದ ಹಿಂದೆ ಹೋದರೆ ಇನ್ನೊಂದು ತಲೆ ಮೇಲೆ ಬರುತ್ತದೆ. ‘ಹಲೋ-ಹಲೋ’ ಜಗಳ ಹೋಯಿತು. ಗುಡ್ಡಗಳು ತೀರಾ ಹತ್ತಿರ ಬಂದಲ್ಲಿ ಮಾತ್ರ ಕಾಣುವ ಆಕಾಶವೇ ಕಮ್ಮಿ, ಅಲ್ಲಿ ಈಗಲೂ ತಡವರಿಸುತ್ತದೆ.

ಆದರೆ ಪೈಪ್ ದೊಡ್ಡದಾದ ಮಾತ್ರಕ್ಕೆ ಕುಡಿಯುವವರು ಕಮ್ಮಿ ಆಗಲಿಲ್ಲ, ಅಲ್ವಾ? ನಿಮ್ಮ ಹಡಗಿನಲ್ಲಿ ನಾಲ್ಕು ಸಾವಿರ ಪ್ರಯಾಣಿಕರು ಇದ್ದರು ಅಂತ ಇಟ್ಟುಕೊಳ್ಳಿ. ಕ್ರೂ ಬೇರೆ ಸಾವಿರದ ಐನೂರು. ಎಲ್ಲರೂ ಸಂಜೆ ಊಟ ಮುಗಿಸಿ ಎಂಟಕ್ಕೆ ಕ್ಯಾಬಿನ್‌ಗೆ ಬಂದು, ಆವತ್ತು ತೆಗೆದ ತಿಮಿಂಗಿಲದ ವಿಡಿಯೋ ಕಳಿಸಲು ಕೂರುತ್ತಾರೆ. ಎಂಟರಿಂದ ಹತ್ತೂವರೆ, ನಮ್ಮ ಕೌಂಟರ್‌ಗೆ ಅತಿ ಹೆಚ್ಚು ಬೈಗುಳ ಬೀಳುತ್ತಿದ್ದ ಹೊತ್ತು. ಸರಿಯಾಗಿ ಅದರ ನಡುವೆ ನಿಮ್ಮ 8.30ರ ಕಾಲ್! ಇಳಿಯುವ ಸ್ಪೀಡ್ (ಡೌನ್‌ಲೋಡ್) ಪರವಾಗಿಲ್ಲ ಇರಬಹುದು. ಸ್ಕ್ರೀನ್ ಶೇರ್‌ಗೆ ಬೇಕಾಗುವುದು ಏರುವ ಸ್ಪೀಡು (ಅಪ್‌ಲೋಡ್), ಅದೇ ಆ ಹೊತ್ತಲ್ಲಿ ಒದ್ದಾಡುವುದು.

ಈಗ ನಿಮ್ಮ ಎರಡು ದಿನ. ನಿಮ್ಮ ಸೋಮವಾರದ ಕಾಲ್ ಅಲ್ಲಿ ಭಾನುವಾರ ರಾತ್ರಿ, ಅಂದರೆ ತೆರೆದ ಸಮುದ್ರ. ಅದಕ್ಕೆ ರಜೆ ಹಾಕಿ. ಮಂಗಳವಾರದ್ದು ಜೂನೋ ರಾತ್ರಿ. ಅಲ್ಲಿ ಹಡಗು ಎಷ್ಟಕ್ಕೆ ಬಿಡುತ್ತದೆ ನೋಡಿ. ಒಂಬತ್ತು, ಹತ್ತಾದರೆ ಗೆದ್ದಿರಿ. ಅಣ್ಣನಿಗೆ ಹೇಳಿ ಅಮೆರಿಕದ ಸಿಮ್ ತೆಗೆಸಿಟ್ಟುಕೊಂಡು, ಹಡಗು ಕಟ್ಟೆಗೆ ಕಟ್ಟಿರುವಾಗಲೇ ಮೇಲಿನ ಡೆಕ್‌ನಲ್ಲಿ ಕೂತು ಊರಿನ ಟವರ್‌ನಿಂದ ಕಾಲ್ ಮಾಡಿ. ಕ್ಯಾಬಿನ್ ಒಳಗೆ ಬೇಡ, ಸುತ್ತ ಕಬ್ಬಿಣ, ಸಿಗ್ನಲ್ ಒಳಗೆ ಬರಲ್ಲ. ಬುಧವಾರದ್ದು ಸ್ಕ್ಯಾಗ್ವೇ ರಾತ್ರಿ. ಆ ಊರಲ್ಲಿ ಜನ ಸಾವಿರದ ಚಿಲ್ಲರೆ. ನಾಲ್ಕು ಹಡಗು ಬಂದು ನಿಂತರೆ ಜಾತ್ರೆ ದಿನ ನಮ್ಮೂರ ಟವರ್ ಆದ ಹಾಗೆ, ಕಡ್ಡಿ ನಾಲ್ಕೂ ಕಾಣುತ್ತದೆ, ಏನೂ ಓಡಲ್ಲ. ಆದರೂ ಎರಡನೇ ಆಯ್ಕೆ ಅದೇ. ಗುರುವಾರದ್ದು ಗ್ಲೇಸಿಯರ್ ಬೇ ದಿನದ್ದು, ಅದಕ್ಕೆ ದಯವಿಟ್ಟು ರಜೆ ಹಾಕಿ. ಅಲ್ಲಿ ಮೊಬೈಲ್ ಟವರ್ ಇಲ್ಲವೇ ಇಲ್ಲ. ಇದ್ದರೂ ಹಿಮದ ಗೋಡೆ ಬೀಳುವುದನ್ನು ಬಿಟ್ಟು ಯಾರಾದರೂ ಸ್ಟ್ಯಾಂಡಪ್ ಮಾಡ್ತಾರಾ ಮಾರಾಯ್ರೆ?

ವಿಪಿಎನ್ ಬೇಕು ಅಂದಿರಿ. ಚಾಟ್ ಪ್ಯಾಕೇಜ್‌ನಲ್ಲಿ ಅದು ಸಾಮಾನ್ಯವಾಗಿ ಓಡಲ್ಲ, ದೊಡ್ಡದೇ ಬೇಕು. ಮನೆಯಿಂದಲೇ ಮೊದಲೇ ಕೊಂಡರೆ ಹಡಗಿನೊಳಗೆ ಕೊಳ್ಳುವುದಕ್ಕಿಂತ ಕಮ್ಮಿ ಬೀಳುತ್ತದೆ. ಒಂದೇ ಡಿವೈಸ್‌ನ ಪ್ಯಾಕೇಜ್ ಸಾಕು. ನಿಮ್ಮದು ಲಾಗೌಟ್ ಮಾಡಿ ಅಮ್ಮನ ಫೋನಲ್ಲಿ ಲಾಗಿನ್ ಮಾಡಬಹುದು, ಹೆಚ್ಚಿನ ಹಡಗುಗಳಲ್ಲಿ ಬಿಡುತ್ತಾರೆ. ಅಜ್ಜಿಗೆ ಕಾಲ್ ಬೆಳಿಗ್ಗೆ ಆರಕ್ಕೆ ಇಟ್ಟುಕೊಳ್ಳಿ. ಊರಲ್ಲಿ ಸಂಜೆ ಏಳೂವರೆ, ಹಡಗೆಲ್ಲ ಮಲಗಿರುತ್ತದೆ, ನೆಟ್ ಗಾಳಿ ಹಾಗೆ ಓಡುತ್ತದೆ.

ಇನ್ನೊಂದು, ನೆಟ್‌ಗೆ ಸಂಬಂಧ ಇಲ್ಲ. ಅಪ್ಪ ಅಮ್ಮನದು ಭಾರತದ ಪಾಸ್‌ಪೋರ್ಟ್ ಆದರೆ ವಿಕ್ಟೋರಿಯಾಗೆ ಕೆನಡಾ ವೀಸಾ ಬೇಕು. ಅಮೆರಿಕ ವೀಸಾ ಇದೆಯಲ್ಲ ಅಂತ ಬಂದು ಸಿಯಾಟಲ್ ಕಟ್ಟೆಯಲ್ಲೇ ನಿಂತವರನ್ನು ನೋಡಿದ್ದೇನೆ.

ಕೊಪ್ಪದ_ಹುಡುಗಿ:

ಅಯ್ಯೋ, ಕೆನಡಾ ವೀಸಾ ವಿಷಯ ಅಣ್ಣ ಹೇಳೇ ಇರಲಿಲ್ಲ! ಈಗಲೇ ಫೋನ್ ಮಾಡಿ ಬೈದೆ. ತುಂಬಾ ಥ್ಯಾಂಕ್ಸ್ ಸರ್. ಜೂನೋದಲ್ಲಿ ಹಡಗು ಬಿಡುವುದು ರಾತ್ರಿ ಹತ್ತಕ್ಕೆ. ಸ್ಕ್ಯಾಗ್ವೇ ಎಂಟಕ್ಕೇ ಬಿಡುತ್ತೆ, ಅದೊಂದು ಹಡಗಿನ ವೈಫೈನಲ್ಲೇ ಮಾಡಬೇಕು. ಒಂದು ಡೌಟು. ನಮ್ಮ ಇಂಡಿಯಾ ಸಿಮ್‌ಗೇ ರೋಮಿಂಗ್ ಹಾಕಿಸಿದರೆ ಆಗಲ್ವಾ? ಬ್ಯಾಂಕ್ ಓಟಿಪಿ ಅದಕ್ಕೇ ಬರೋದು.

ಹುಬ್ಬಳ್ಳಿ_ಮಂದಿ:

ರೋಮಿಂಗ್ ಬಗ್ಗೆ ನಾ ಹೇಳ್ತೀನಿ, ನಮ್ಮ ಮನೆಯಾಗ ಆಗಿದ್ದು. ನಮ್ಮ ಮಾವ ಮೆಡಿಟರೇನಿಯನ್ ಕ್ರೂಸ್‌ಗೆ ಹೋಗಿದ್ದರು. ಯುರೋಪ್ ರೋಮಿಂಗ್ ಪ್ಯಾಕ್ ಇದೆ ಅಂತ ಡೇಟಾ ಆನ್ ಇಟ್ಟೇ ಮಲಗಿದ್ದಾರೆ. ದಡ ಬಿಟ್ಟು ದೂರ ಹೋದ ಮೇಲೆ ಹಡಗಿನೊಳಗೇ ಒಂದು ಮೊಬೈಲ್ ಟವರ್ ಶುರು ಆಗುತ್ತದೆ. ಫೋನ್ ತಾನಾಗೇ ಅದಕ್ಕೆ ಅಂಟಿಕೊಂಡಿದೆ. ಅದು ಯುರೋಪೂ ಅಲ್ಲ, ಯಾವ ದೇಶವೂ ಅಲ್ಲ, ಪ್ಯಾಕ್‌ನಲ್ಲಿ ಸೇರುವುದಿಲ್ಲ. ರಾತ್ರಿ ಫೋಟೋ ಬ್ಯಾಕಪ್ ಆಗಿ ಬಂದ ಬಿಲ್ಲು 18 ಸಾವಿರ ಚಿಲ್ಲರೆ. ಕಸ್ಟಮರ್ ಕೇರ್‌ನವರ ಜೊತೆ ಎರಡು ತಿಂಗಳು ಗುದ್ದಾಡಿದರು, ಸ್ವಲ್ಪ ಕಮ್ಮಿ ಮಾಡಿದರು. ಹಡಗು ಹತ್ತಿದ ಕೂಡಲೇ ಏರ್‌ಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಅಷ್ಟೇ ಆನ್ ಮಾಡಿ. ಹಿರಿಯರ ಫೋನ್ ನೀವೇ ಕೈಯಾರೆ ಮಾಡಿಕೊಡಿ. ‘ಮಾಡೀನಿ’ ಅಂತಾರೆ, ಮಾಡಿರಲ್ಲ.

ಗಂಗೊಳ್ಳಿ_ಕಡಲು:

ಹುಬ್ಬಳ್ಳಿಯವರು ಹೇಳಿದ್ದು ನೂರಕ್ಕೆ ನೂರು. ಆ ಟವರ್ ಆನ್ ಮಾಡುವುದು ಸಾಮಾನ್ಯವಾಗಿ ದಡದಿಂದ 12 ನಾಟಿಕಲ್ ಮೈಲು ದಾಟಿದ ಮೇಲೆ, ಸುಮಾರು 22 ಕಿ.ಮೀ. ಓಟಿಪಿ ಬೇಕಾದ ಕೆಲಸ ಬಂದರಿನಲ್ಲಿ ನಿಂತಾಗ ಮುಗಿಸಿ. ಆಫೀಸ್ ಲಾಗಿನ್‌ಗೂ ಮೆಸೇಜ್ ಬರುತ್ತದೆ ಅಂದರೆ, ಹೊರಡುವ ಮೊದಲೇ ಅದನ್ನು ಅಥೆಂಟಿಕೇಟರ್ ಆ್ಯಪ್‌ಗೆ ಬದಲಾಯಿಸಿಕೊಳ್ಳಿ. ಅದರಲ್ಲಿ ಬರುವ ಆರಂಕಿ ನಂಬರ್‌ಗೆ ನೆಟ್ಟೂ ಬೇಡ, ಟವರೂ ಬೇಡ.

ಜೂನೋದಲ್ಲಿ ಹಗಲು ಸಮಯ ಸಿಕ್ಕರೆ ಕಟ್ಟೆ ಪಕ್ಕದ ಪಾರ್ಕಿಂಗ್ ಕಟ್ಟಡದ ಮೇಲಿನ ಮಹಡಿಗೆ ಲಿಫ್ಟ್‌ನಲ್ಲಿ ಹೋಗಿ. ಅಲ್ಲಿ ಊರಿನ ಲೈಬ್ರರಿ ಇದೆ, ವೈಫೈ ಫ್ರೀ. ಕಿಟಕಿ ಹತ್ತಿರ ನೆಲದ ಮೇಲೆ ಕೂತವರೆಲ್ಲ ಕ್ರೂ. ಎರಡು ಗಂಟೆ ಬ್ರೇಕ್‌ನಲ್ಲಿ ಒಂದೂವರೆ ಗಂಟೆ ನಾನೂ ಅಲ್ಲೇ. ಜೂನೋಗೆ ಅಷ್ಟು ಸಲ ಹೋಗಿದ್ದೇನೆ, ಮೆಂಡನ್‌ಹಾಲ್ ಗ್ಲೇಸಿಯರ್ ನೋಡಿದ್ದು ಒಂದೇ ಸಲ.

ಈಗ ಕಾನೂನು ಸ್ವಲ್ಪ ಬಂದಿದೆ. ಹಡಗಿನ ಕೆಲಸಗಾರರಿಗೆ ಆದಷ್ಟು ಮಟ್ಟಿಗೆ ಇಂಟರ್‌ನೆಟ್ ಕೊಡಬೇಕು, ದುಡ್ಡು ತೆಗೆದುಕೊಂಡರೂ ನ್ಯಾಯವಾಗಿ ಇರಬೇಕು ಅಂತ ಸಾಗರ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮಾಡಿದ ತಿದ್ದುಪಡಿ 2024ರ ಡಿಸೆಂಬರ್ 23ರಿಂದ ಜಾರಿಯಲ್ಲಿದೆ. ನಾನು ಸೈನ್ ಆಫ್ ಆದ ಮೇಲೆ ಬಂತು, ನಮ್ಮ ಹಣೆಬರಹ.

ಕೊಪ್ಪದ_ಹುಡುಗಿ:

ಹೋಗಿ ಬಂದೆವು! ಕೇಳಿದವರಿಗಾಗಿ ಬರೆಯುತ್ತಿದ್ದೇನೆ. ವೀಸಾ ಕೊನೇ ವಾರದಲ್ಲಿ ಕೈಗೆ ಬಂತು, ಅಪ್ಪನ ಬಿಪಿ ಏರಿಸಿ.

ಜೂನೋ ಕಾಲ್: 14ನೇ ಡೆಕ್, ಜಾಕೆಟ್ ಎರಡು, ಅಣ್ಣ ಕೊಟ್ಟ ಸಿಮ್. ಒಂದು ಸಲವೂ ಕಟ್ ಆಗಲಿಲ್ಲ. ರಾತ್ರಿ ಎಂಟೂವರೆಗೂ ಬಿಸಿಲು, ‘ನೀನು ಬೆಂಗಳೂರಲ್ಲೇ ಇದೀಯ ಅಲ್ವಾ’ ಅಂದರು ಟೀಮ್‌ನವರು. ಸ್ಕ್ಯಾಗ್ವೇ ಬಿಟ್ಟ ಮೇಲೆ ಹಡಗಿನ ವೈಫೈನಲ್ಲಿ ಟೆಸ್ಟ್ ಮಾಡಿದೆ. ಇಳಿಯುವುದು 7 ಎಂಬಿಪಿಎಸ್, ಏರುವುದು 1ಕ್ಕಿಂತ ಕಮ್ಮಿ. ಮಾತೇನೋ ನಡೆಯಿತು, ಸ್ಕ್ರೀನ್ ಶೇರ್ ಕೊಟ್ಟ ಕೂಡಲೇ ಹೊರಗೆ ಬಿದ್ದೆ. ಮೂರು ಸಲ. ಕೊನೆಗೆ ಸ್ಕ್ರೀನ್‌ಶಾಟ್ ಚಾಟ್‌ನಲ್ಲಿ ಹಾಕಿ ಬಾಯಲ್ಲೇ ವಿವರಿಸಿದೆ. ಅದೇ ವೈಫೈ ಬೆಳಿಗ್ಗೆ ಆರಕ್ಕೆ 43 ತೋರಿಸಿತು. ಅಜ್ಜಿ ಕೊಪ್ಪದ ಜಗಲಿಯಲ್ಲಿ ಕೂತು ಮಂಜುಗಡ್ಡೆ ಮೇಲೆ ಮಲಗಿದ್ದ ಸೀಲ್‌ಗಳನ್ನು ಲೈವ್ ನೋಡಿ, ‘ಅವಕ್ಕೆ ಚಳಿ ಆಗಲ್ವೇನೇ?’ ಅಂತ ಕೇಳಿದಳು.

ಸರ್, ನಿಮ್ಮ ಲೈಬ್ರರಿಗೂ ಹೋಗಿದ್ದೆವು. ಕಿಟಕಿ ಹತ್ತಿರ ನೆಲದ ಮೇಲೆ ಒಬ್ಬ ಹುಡುಗ ಸಣ್ಣ ದನಿಯಲ್ಲಿ ತುಳು ಮಾತಾಡುತ್ತಿದ್ದ. ಅವನ ಕಾಲ್ ಮುಗಿಯುವವರೆಗೂ ಅಮ್ಮ ಲಿಫ್ಟ್ ಹತ್ತಿರ ಕಾದು, ಬ್ಯಾಗಿನಲ್ಲಿದ್ದ ಕೋಡುಬಳೆ ಪ್ಯಾಕೆಟ್ ಅವನ ಕೈಗೆ ಕೊಟ್ಟೇ ಬಂದಳು.

ಗಂಗೊಳ್ಳಿ_ಕಡಲು:

ನಾನಿದ್ದಾಗ ಯಾರ ಅಮ್ಮನೂ ಬರಲಿಲ್ಲ ನೋಡಿ. ಖಾರದ ಕೋಡುಬಳೆಯಾ, ಮಜ್ಜಿಗೆ ಕೋಡುಬಳೆಯಾ?