ಸಹಾಯ ಬೇಕು: ಪೋಷಕರ ಸಭೆಯಲ್ಲಿ ಮೊಬೈಲ್ ಮೋಸದ ಬಗ್ಗೆ ಹೇಳಲು

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಂದೇ ಫೋನು. ಅದರಲ್ಲೇ ಅಪ್ಪನ ಫೋನ್‌ಪೇ, ಅದರಲ್ಲೇ ಮಗನ ಗೇಮ್. ವಾಟ್ಸಾಪಿಗೆ ‘ಮದುವೆ ಕರೆಯೋಲೆ’ ಅಂತ ಫೈಲ್ ಬರುತ್ತದೆ, ಹೆಸರಿನ ಕೊನೆಗೆ ‘ಎಪಿಕೆ’ ಅಂತಿರುತ್ತದೆ, ಅಂದರೆ ಅದು ಕರೆಯೋಲೆಯಲ್ಲ, ಫೋನಿಗೆ ಆ್ಯಪ್ ಹಾಕುವ ಫೈಲ್. ಮಗು ಸುಮ್ನೆ ಒತ್ತಿ ಇನ್‌ಸ್ಟಾಲ್ ಮಾಡಿದರೆ ಓಟಿಪಿ ಕಳ್ಳರ ಕೈಗೆ ಹೋಗಬಹುದು.

ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ, ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ನಾನೇ ಹೇಳುತ್ತೇನೆ. ಆದರೆ ಓದಲು ಬಾರದ ತಾಯಂದಿರಿಗೆ ತೋರಿಸಿಯೇ ಹೇಳಬೇಕು, ಅಲ್ವಾ? ಚಿತ್ರ ಜಾಸ್ತಿ ಇರುವ ಕನ್ನಡ ಪೋಸ್ಟರ್, ಚಿಕ್ಕ ವಿಡಿಯೊ ಇದ್ದರೆ ಕಳಿಸಿ.

ಇನ್ನೊಂದು. ಫೋಟೊ ಇಟ್ಟುಕೊಂಡು ಹುಡುಗಿಯರನ್ನು ಹೆದರಿಸುವವರ ವಿಷಯವನ್ನು ಅಪ್ಪ ಅಮ್ಮಂದಿರ ಮುಂದೆ ಹೇಗೆ ತೆಗೆಯೋದು? ಮಗಳನ್ನೇ ಬೈದು ಶಾಲೆ ಬಿಡಿಸಿಬಿಟ್ಟಾರು ಅನ್ನೋ ಭಯ ನನಗೆ. ಅನುಭವ ಇರುವವರು ದಯವಿಟ್ಟು ತಿಳಿಸಿ.