ಪದ ಬೇಕು: ಸೌಂಡ್‌ಸ್ಟೇಜ್, ರಿವರ್ಬ್ (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಜಯನಗರದಲ್ಲಿ ಗೆಳೆಯರೊಬ್ಬರು ಸ್ಟೀರಿಯೋ ಕೇಳಿಸುವ ಕೋಣೆ ಮಾಡಿದ್ದಾರೆ. ಗೋಡೆಯ ಫಲಕಕ್ಕೆ ಕನ್ನಡ ಒಕ್ಕಣೆ ನನ್ನ ತಲೆಗೆ ಬಿದ್ದಿದೆ, ಪ್ರಿಂಟಿಂಗಿನವರು ನಾಳೆ ಬೆಳಿಗ್ಗೆ ಕೇಳುತ್ತಾರೆ. ಇರುವುದು ಎರಡೇ ಸ್ಪೀಕರ್. ಆದರೂ ಕಣ್ಣು ಮುಚ್ಚಿದರೆ ಗಾಯಕರು ನಡುವೆ, ಪಿಟೀಲು ಮೃದಂಗ ಅಕ್ಕಪಕ್ಕ, ತಂಬೂರಿ ಹಿಂದೆ ಕೂತಂತೆ ಕೇಳಿಸುತ್ತದಲ್ಲ, ಅದು ಸೌಂಡ್‌ಸ್ಟೇಜ್. ಇನ್ನೊಂದು ರಿವರ್ಬ್, ಅಂದರೆ ಹಾಡು ನಿಂತ ಮೇಲೂ ಕೋಣೆಯಲ್ಲಿ ತುಸು ಹೊತ್ತು ಉಳಿಯುವ ನಾದ. ಸಾಲು ಹೀಗಿದೆ: "ಸಭಾಂಗಣದ ಪ್ರತಿಧ್ವನಿ ರೆಕಾರ್ಡಿಂಗಿನಲ್ಲೇ ಇದೆ, ಕೋಣೆ ತನ್ನದನ್ನೂ ಸೇರಿಸಬಾರದು." ಪ್ರತಿಧ್ವನಿ ನನಗೇ ಒಪ್ಪಿಗೆಯಿಲ್ಲ.

ಮಲ್ಲೇಶ್ವರದಿಂದ:
ಪ್ರತಿಧ್ವನಿ ತೆಗೆಯಿರಿ. ಅದು ಬೇರೆಯಾಗಿ, ತಡವಾಗಿ ಕೇಳುವ ಸದ್ದು. ಚೌಡಯ್ಯ ಸಭಾಂಗಣದಲ್ಲಿ ಪ್ರತಿಧ್ವನಿ ಕೇಳಿಸಿದರೆ ಜನ ಎದ್ದು ಹೋಗುತ್ತಾರೆ. ನಿಮಗೆ ಬೇಕಾದ್ದು ಅನುರಣನ. ಗಂಟೆ ಹೊಡೆದ ಮೇಲೆ ಉಳಿಯುವ ನಾದಕ್ಕೆ ಆಲಂಕಾರಿಕರು ಸಾವಿರ ವರ್ಷದಿಂದ ಬಳಸಿದ ಮಾತು. ಸದ್ದು 60 ಡೆಸಿಬಲ್ ಇಳಿಯಲು ಹಿಡಿಯುವ ಹೊತ್ತೇ ಅದರ ಅಳತೆ. ಇದರ ಲೆಕ್ಕ ಕಟ್ಟಿದವರು ಅಮೆರಿಕದ ಭೌತವಿಜ್ಞಾನಿ ವ್ಯಾಲೇಸ್ ಸಬೀನ್, ಆ ಲೆಕ್ಕದ ಮೇಲೆ 1900ರಲ್ಲಿ ಬಾಸ್ಟನ್ ಸಿಂಫನಿ ಹಾಲ್ ತೆರೆಯಿತು. ಅಲ್ಲಿ ಸುಮಾರು ಎರಡು ಸೆಕೆಂಡ್, ನಮ್ಮ ಮನೆಯ ಹಾಲಿನಲ್ಲಿ ಅರ್ಧ ಸೆಕೆಂಡೂ ಇರುವುದಿಲ್ಲ.

ರಾಜಾಜಿನಗರದಿಂದ:
ಮತ್ತೆ ಸಂಸ್ಕೃತ! ದನಿರಂಗ, ಮಾರ್ದನಿ. ಮುಗೀತು.

ಬಸವನಗುಡಿಯಿಂದ:
ದನಿರಂಗ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದ ಸಮಾಸ. ದನಿ ತದ್ಭವ, ರಂಗ ತತ್ಸಮ. ಶಬ್ದಮಣಿದರ್ಪಣ ಬರೆದ ವೈಯಾಕರಣಿ ಕೇಶಿರಾಜ ಒಪ್ಪುವುದಿಲ್ಲ. ಧ್ವನಿರಂಗ ಅನ್ನಿ, ಇಲ್ಲವೇ ದನಿಹರವು. ಅಂದ ಹಾಗೆ ಸ್ಟೀರಿಯೋದ ಮೂಲ ಗ್ರೀಕ್, ಅರ್ಥ 'ಘನ'. ಘನಧ್ವನಿ ಎಂದು ನಾನು ಹಿಂದೆಯೇ ಸೂಚಿಸಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರಾಜಾಜಿನಗರದಿಂದ:
ಮೇಷ್ಟ್ರೇ, ಘನಧ್ವನಿ ಅಂದರೆ ಗಂಟಲು ಕಟ್ಟಿದೆ ಅಂದುಕೊಳ್ತಾರೆ. 1931ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಬ್ಲೂಮ್ಲೈನ್ ಸ್ಟೀರಿಯೋ ಪೇಟೆಂಟಿಗೆ ಅರ್ಜಿ ಹಾಕಿದಾಗ ಬೈನಾರಲ್ ಅಂದಿದ್ದ, ಎರಡು ಕಿವಿಯದು ಅಂತ. ಇಕ್ಕೆಲ ಇದ್ದ ಹಾಗೆ ಇಕ್ಕಿವಿ ಯಾಕಾಗಬಾರದು? ಇನ್ನು ಅರಿಸಮಾಸ. ಬಿರುದಾವಳಿಗೆ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಸ್ಪೀಕರಿಗೂ ಕೊಡಿ.

ಎಸ್.ಪಿ. ರಸ್ತೆಯ ಕಸುಬುದಾರ:
ಸಾರ್, ಗಲ್ಲಾದಲ್ಲಿ ಕೂತವನಿಂದ ಹಿಡಿದು ವೈರ್ ಎಳೆಯೋ ಹುಡುಗನವರೆಗೆ ಎಲ್ಲರೂ ಸೌಂಡ್‌ಸ್ಟೇಜ್, ರಿವರ್ಬ್ ಅಂತಲೇ ಅನ್ನೋದು. ಸ್ಪೀಕರ್, ಸ್ಟೀರಿಯೋ ಹಾಗೇ ಬಿಟ್ಟು ಇವೆರಡಕ್ಕೆ ಮಾತ್ರ ಮಡಿ ಯಾಕೆ? ಅದಕ್ಕಿಂತ ಸ್ಪೀಕರನ್ನು ಗೋಡೆಯಿಂದ ಮುಂದಕ್ಕೆ ಎಳೆದು ಇಡಿ ಅಂತ ದಪ್ಪಕ್ಷರದಲ್ಲಿ ಬರೆಸಿ.

ಬಸವನಗುಡಿಯಿಂದ:
ಬೋರ್ಡು ಕನ್ನಡದಲ್ಲಿ ಯಾಕೆ ಬೇಕು ಅನ್ನುವುದನ್ನೇ ಮರೆತಿದ್ದೀರಿ. ಎರವಲಿಗೂ ಒಂದು ಮಿತಿ ಇರಲಿ.

ರಾಜಾಜಿನಗರದಿಂದ:
ಅನುರಣನ ಎರವಲಲ್ಲವೇ?

ಕೇಳಿದವರು:
ಧ್ವನಿರಂಗ, ಅನುರಣನ ಹಾಕಿ ಕಳಿಸಿದೆ, ಮೊದಲ ಸಲ ಬಂದಲ್ಲಿ ಪಕ್ಕದಲ್ಲೇ ಸೌಂಡ್‌ಸ್ಟೇಜ್, ರಿವರ್ಬ್ ಎಂದೂ ಸೇರಿಸಿದ್ದೇನೆ. ಸ್ಪೀಕರ್ ಎಳೆಯುವ ಸಾಲನ್ನೂ ಅದರ ಜೊತೆಗೇ ಕಳಿಸಿದೆ. ಈಗ ಇನ್ನೊಂದು ಬಂದಿದೆ. ಎರಡು ಸ್ಪೀಕರ್, ಕೇಳುವವರ ಕುರ್ಚಿ ಸಮಬಾಹು ತ್ರಿಕೋನದಲ್ಲಿ ಇರಬೇಕು. ಆ ಕುರ್ಚಿಯ ಜಾಗಕ್ಕೆ ಸ್ವೀಟ್ ಸ್ಪಾಟ್ ಅಂತಾರೆ. ಸಿಹಿತಾಣ ಅಂದರೆ ಬೇಕರಿ ಅಂದುಕೊಂಡಾರು. ಒಂಬತ್ತರೊಳಗೆ ಹೇಳಿ.